ಅಮಾವಾಸ್ಯೆಯ ಮೆನು

"ಅಯ್ಯೋ, ನೀರು! ಯಾರಾದ್ರೂ ನೀರು ಕೊಡಿ!" ಎನ್ನುತ್ತ ಮಾನಸ ಕುರ್ಚಿಯಿಂದ ಎದ್ದೇಬಿಟ್ಟಳು.

ಕಣ್ಣು, ಮೂಗು ಎರಡರಲ್ಲೂ ನೀರು. ಎದುರಿಗೆ ಕೆಂಪು ವೈನಿನ ಗ್ಲಾಸು, ಪಕ್ಕದಲ್ಲಿ ಬಾಡಿನ ಸಾರಿನ ಬಟ್ಟಲು. ವೈನ್ ಕಂಪನಿಯವರು ಬೆಂಗಳೂರಿನಿಂದ ಕಳಿಸಿದ್ದ ಹುಡುಗಿ ಇವಳು. ವೀರನಹೊಸಹಳ್ಳಿ ಹತ್ತಿರದ ಈ ರೆಸಾರ್ಟಿನಲ್ಲಿ ಯಾವ ಊಟಕ್ಕೆ ಯಾವ ವೈನ್ ಕೊಡಬೇಕೆಂದು ಗೊತ್ತುಮಾಡಿ ಸಂಜೆಯೊಳಗೆ ಹೊರಡಬೇಕಾಗಿತ್ತು. ಮ್ಯಾನೇಜರ್ ಮಹೇಶ್‌ಕುಮಾರ್ ತಾನೇ ನೀರಿನ ಜಗ್ಗು ಎತ್ತಿಕೊಂಡು ಓಡಿಬಂದ. ಮುಖ್ಯ ಅಡುಗೆಯವನಾದ ಕನಕರಾಜು ಮಾತ್ರ ತನಗೂ ಈ ಸಾರಿಗೂ ಸಂಬಂಧವೇ ಇಲ್ಲವೆಂಬಂತೆ ಗೋಡೆ ನೋಡುತ್ತ ನಿಂತ.

ಸಾರು ಮಾಡಿದ್ದು ಚಿಕ್ಕಸಿದ್ದಮ್ಮ. ಅಲ್ಲಿಯ ನಾಟಿ ಅಡುಗೆಯೆಲ್ಲ ಅವಳ ಕೈಯದೇ.

"ಕುಡಿಯೋರಿಗೆ ನಂಚ್ಕಳಕ್ಕೆ ಅಂದ್ರಲ್ಲವ್ವ. ಅದ್ಕೇ ನಾಕು ಮೆಣಸಿನ್ಕಾಯಿ ಜಾಸ್ತಿನೇ ಅರ್ದು ಆಕ್ದೆ" ಎಂದಳು.

ತಪ್ಪು ಅವಳೊಬ್ಬಳದೇ ಅಲ್ಲ ಬಿಡಿ. ಈ ಸೀಮೆಯಲ್ಲಿ ಗ್ಲಾಸಿನ ಪಕ್ಕ ಇಡುವ ಯಾವ ಪದಾರ್ಥಕ್ಕೂ ಖಾರವೇ ಲಕ್ಷಣ. ಕುಡಿಯುವವನ ನೆತ್ತಿ ಬೆವರದಿದ್ದರೆ ಮಾಡಿದವಳಿಗೇ ಅವಮಾನ. ಮೀನಿಗೂ ಹಾಗೇ ಹಾಕಿದ್ದಳು, ಕೋಳಿಗೂ ಹಾಗೇ. ಬೆಳಿಗ್ಗೆಯಿಂದ ಮೂರು ತಟ್ಟೆ ಹೋಗಿ ಮೂರೂ ವಾಪಸು ಬಂದಿದ್ದವು.

"ಖಾರ ಇದ್ರೆ ವೈನ್ ಬರೀ ಕಹಿ ಅನ್ಸುತ್ತೆ ಅಮ್ಮ" ಎಂದಳು ಮಾನಸ, ಕರ್ಚೀಫಿನಿಂದ ಮೂಗೊರೆಸಿಕೊಂಡು. "ಬಾಯಿ ಉರಿನೂ ಜಾಸ್ತಿ ಆಗುತ್ತೆ. ಇದನ್ನ ಒಂದೊಂದೇ ಗುಟುಕು ಕುಡೀತಾ ನಿಧಾನಕ್ಕೆ ಊಟ ಮಾಡ್ಬೇಕು."

"ಇಪ್ಪತ್ನಾಲ್ಕು ಜನ ಬರ್ತಿದ್ದಾರೆ ಸಿದ್ದಮ್ಮ. ಕಾಡಂಚಿನ ಊಟ, ಕರ್ನಾಟಕದ ವೈನು ಅಂತ ಬೋರ್ಡೇ ಬರೆಸಿ ಆಗಿದೆ. ಮರ್ಯಾದೆ ಕಳೀಬೇಡಿ" ಎಂದ ಮಹೇಶ್‌ಕುಮಾರ್.

"ಅದಿರ್ಲಿ ಸಾರ್, ನನ್ ರಜ ಏನಾಯ್ತು?"

ಅವಳು ಕೇಳುತ್ತಿದ್ದುದು ಇದು ನಾಲ್ಕನೆಯ ಸಲ. ಆ ಇಪ್ಪತ್ನಾಲ್ಕು ಜನರ ಊಟ ನಿಗದಿಯಾಗಿದ್ದುದು ಬರುವ ಅಮಾವಾಸ್ಯೆಗೆ, ಪಿತೃಪಕ್ಷದ ಕೊನೆಯ ದಿನಕ್ಕೆ. ಅವತ್ತು ಗಂಡ ಮರಿಯಯ್ಯನಿಗೆ ಎಲೆ ಹಾಕಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡಬೇಕು. ಹೋದ ವರ್ಷ ಅದೇ ದಿನ ಮಗಳು ಸೌಂದರ್ಯಳಿಗೆ ಹೆರಿಗೆ ನೋವು ಬಂದು, ಚಿಕ್ಕಸಿದ್ದಮ್ಮ ಇಡೀ ದಿನ ಹುಣಸೂರಿನ ಆಸ್ಪತ್ರೆಯಲ್ಲಿ ಕೂತಿದ್ದಳು. ಮನೆಯಲ್ಲಿ ದೀಪ ಕೂಡ ಹಚ್ಚಿರಲಿಲ್ಲ. ಗಂಡುಮಕ್ಕಳಿಲ್ಲ, ಮೈದುನರಿಲ್ಲ. ಅವಳು ಇಡದಿದ್ದರೆ ಮರಿಯಯ್ಯನಿಗೆ ಇನ್ಯಾರೂ ಇಡುವವರಿಲ್ಲ.

"ಬೆಳಿಗ್ಗೇನೇ ಇಟ್ಟು ಬಂದ್ಬಿಡಿ."

"ಅವ್ರು ಬರೋದು ದೀಪ ಅಚ್ಚೋ ಒತ್ಗೆ ಸಾರ್. ಬೆಳಿಗ್ಗೆ ಇಟ್ರೆ ಯಾರ್ ಬಂದಾರು? ಓದೊರ್ಷ ಬಂದು ಅಸ್ಕಂಡು ವಾಪಸ್ ಓಗವ್ನೆ. ಈ ವರ್ಷನೂ ಅಂಗೇ ಕಳಿಸ್ಲಾ?"

ಮಹೇಶ್‌ಕುಮಾರ್ ತಲೆ ಕೆರೆದುಕೊಂಡ. "ಮೊದ್ಲು ಮೆನು ಮುಗೀಲಿ. ಕನಕರಾಜು ಒಬ್ಬನೇ ಸುಧಾರಿಸೋ ಹಾಗಿದ್ರೆ ನೀವು ಹೋಗಿ."

ಅಷ್ಟು ಸಾಕಾಯಿತು ಅವಳಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಮೇಲಿದ್ದ ಮೂರು ಬಗೆಯ ವೈನಿನ ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ ಮೂಗಿಗೆ ಹಿಡಿದಳು. ಕುಡಿಯಲಿಲ್ಲ. "ಈ ಬಿಳೀದು ಕಿತ್ಲೆ ಸಿಪ್ಪೆ ಇದ್ದಂಗದೆ. ಕೆಂಪಿಂದು ನೇರಳೆ ಅಣ್ಣು, ವಸಿ ಒಗರು. ಇನ್ನೊಂದು ಬುಡಿ, ಜೇನುತುಪ್ಪನೇಯ."

ಮಾನಸ ಕಣ್ಣರಳಿಸಿದಳು. "ನಮ್ಗೆ ಇದನ್ನ ಹೇಳ್ಕೊಡೋಕೆ ಎರಡು ದಿನ ಟ್ರೈನಿಂಗ್ ಮಾಡಿದ್ರು ಅಮ್ಮ!"

ಆಮೇಲಿನ ಕೆಲಸ ಸರಸರ ನಡೆಯಿತು. ಕೆರೆ ಮೀನಿಗೆ ಖಾರದಪುಡಿ ಬಿಟ್ಟು ಅರಿಶಿನ, ಉಪ್ಪು, ನಿಂಬೆರಸ ಸವರಿ ಹುರಿದಳು. ಅದು ಬಿಳಿ ವೈನಿಗೆ ಒಪ್ಪಿತು. ಒತ್ತುಶಾವಿಗೆಗೆ ಬೆಲ್ಲದ ಕಾಯಿಹಾಲು, ಮೇಲಿಷ್ಟು ಎಳ್ಳಿನ ಪುಡಿ. ಸಿಹಿ ವೈನ್ ಅದಕ್ಕೇ ಹುಟ್ಟಿದ್ದು ಎಂದಳು ಮಾನಸ. ತೊಡಕಾದದ್ದು ಬಾಡಿನ ಸಾರು. ಮೆಣಸಿನಕಾಯಿ ಎರಡು ಸಲ ಇಳಿಸಿದರೂ ಕೆಂಪು ವೈನ್ ಬಗ್ಗಲಿಲ್ಲ. ಕೊನೆಗೆ ಕನಕರಾಜು, "ಒಂಚೂರು ಕ್ರೀಮ್ ಹಾಕ್ಬಿಡೋಣ್ವಾ ಅಕ್ಕ?" ಎಂದ.

"ಬಾಡ್ನೆಸ್ರಿಗೆ ಕ್ರೀಮಾ? ಥೂ ನಿನ್ನ! ಅದ್ಯಾವ್ ಸೀಮೆಲಿ ಅಡ್ಗೆ ಕಲ್ತೆ ಕಣ್ಲಾ?"

ಬೈದಳೇನೋ ನಿಜ, ದಾರಿ ಅವಳಿಗೂ ಕಾಣುತ್ತಿರಲಿಲ್ಲ. ಆಮೇಲೆ ನೆನಪಾಯಿತು. ಅವಳಿಗೆ ಗೊತ್ತಿದ್ದ ಇನ್ನೊಂದು ಸಾರಿತ್ತು. ಮರಿಯಯ್ಯನಿಗೆ ಕೊನೆಯ ಎರಡು ವರ್ಷ ಹೊಟ್ಟೆಹುಣ್ಣು. ಮೆಣಸಿನಕಾಯಿ ಮುಟ್ಟಲೇಬಾರದು ಎಂದು ಡಾಕ್ಟರು, ಬಾಡು ಬಿಡಲಾರೆ ಎಂದು ಇವನು. ಇಬ್ಬರ ನಡುವೆ ಸಿಕ್ಕಿಕೊಂಡ ಚಿಕ್ಕಸಿದ್ದಮ್ಮ ಕೊತ್ತಂಬರಿ ಬೀಜ ಹುರಿದು, ಈರುಳ್ಳಿ ಕೆಂಡದಲ್ಲಿ ಸುಟ್ಟು, ಗಸಗಸೆಗೆ ನಾಲ್ಕೇ ಕಾಳುಮೆಣಸು ಸೇರಿಸಿ ಅರೆದು ಒಂದು ಸಾರು ಮಾಡಿದ್ದಳು. ಅದನ್ನು ಅವನಿಗಲ್ಲದೆ ಬೇರೆ ಯಾರಿಗೂ ಬಡಿಸಿರಲಿಲ್ಲ. ಅವನು ಹೋದ ಮೇಲೆ ಒಂದು ವರ್ಷ ಎಡೆಗೆ ಮಾಡಿದ್ದಳು, ಅಷ್ಟೇ. ಆದರೆ ಮೆನು ಮುಗಿಯದೆ ರಜವಿಲ್ಲ. ಅದನ್ನೇ ಮಾಡಿದಳು.

ಮಾನಸ ಒಂದು ಚಮಚ ಸಾರು ಬಾಯಿಗಿಟ್ಟು ಒಂದು ಗುಟುಕು ವೈನ್ ಕುಡಿದಳು. ಇನ್ನೊಂದು ಚಮಚ. ಆಮೇಲೆ ಚಮಚ ಪಕ್ಕಕ್ಕಿಟ್ಟು ಮುದ್ದೆ ಮುರಿದು ಅದ್ದಿಕೊಂಡಳು. ಬಟ್ಟಲು ಖಾಲಿಯಾಯಿತು.

"ಸಾರ್, ಇದೇ. ಇಡೀ ಊಟಕ್ಕೆ ಇದೇ ಮುಖ್ಯ" ಎಂದಳು. "ಆದ್ರೆ ಇದು ಅಮ್ಮನ ಕೈಯಲ್ಲೇ ಆಗ್ಬೇಕು."

ಮಹೇಶ್‌ಕುಮಾರ್ ಕನಕರಾಜುವಿನ ಮುಖ ನೋಡಿದ. ಕನಕರಾಜು ಪಾತ್ರೆಯಿಂದ ಒಂದಿಷ್ಟು ರುಚಿ ನೋಡಿ, "ನಂಗೆ ಬರಲ್ಲ ಸಾರ್ ಇದು" ಎಂದುಬಿಟ್ಟ. ಒಂದು ಸುಳ್ಳು ಹೇಳಬಹುದಿತ್ತು ಪುಣ್ಯಾತ್ಮ, ಹೇಳಲಿಲ್ಲ.

ರಜ ಸಿಗಲೆಂದು ಮಾಡಿದ ಸಾರೇ ರಜವನ್ನು ನುಂಗಿತ್ತು. ಅದು ಅರ್ಥವಾದಾಗ ಚಿಕ್ಕಸಿದ್ದಮ್ಮನಿಗೆ ದುಃಖ ಉಕ್ಕಿ ಬಂತು. ಸುಮ್ಮನೆ ಕ್ರೀಮ್ ಹಾಕಲು ಬಿಟ್ಟಿದ್ದರೆ ಆಗಿತ್ತಲ್ಲ, ನನ್ನ ಕೈಗೆ ಬೆಂಕಿ ಬೀಳ ಎಂದು ತನ್ನನ್ನೇ ಬೈದುಕೊಳ್ಳುತ್ತ ಪಾತ್ರೆ ತೊಳೆದಳು.

ಅಮಾವಾಸ್ಯೆಯ ದಿನ ತಲೆಗೆ ನೀರು ಹಾಕಿಕೊಂಡು, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಮಧ್ಯಾಹ್ನದ ಬಸ್ಸಿಗೆ ಬಂದಳು. ಯಾರ ಹತ್ತಿರವೂ ರಜದ ಮಾತೆತ್ತಲಿಲ್ಲ. ಮೀನು ಹುರಿದಳು, ಮುದ್ದೆ ಕಟ್ಟಿದಳು, ಶಾವಿಗೆ ಒತ್ತಿದಳು. ಏಳು ಗಂಟೆಗೆ ಊಟದ ಹಾಲಿನಲ್ಲಿ ಜನ ಕೂರುತ್ತಿದ್ದರು. ಸಾರಿನ ಉಪ್ಪು ನೋಡಲು ಕನಕರಾಜು ಸೌಟು ಎತ್ತಿದ್ದೇ ತಡ, ಅವನ ಮಣಿಕಟ್ಟು ಹಿಡಿದಳು.

"ಎಡೆ ಆಗೋಗಂಟ ಯಾರೂ ಬಾಯಿಗಿಡಂಗಿಲ್ಲ."

"ಎಡೆನಾ? ಇಲ್ಲೇನಾ?"

ಅವಳು ಆಗಲೇ ಕಿಟಕಿಯ ಕೆಳಗಿನ ನೆಲ ಒರೆಸಿದ್ದಳು. ಚೀಲದಿಂದ ಮರಿಯಯ್ಯನ ಫೋಟೋ, ಒಂದು ಪಂಚೆ, ಬೀಡಿ ಕಟ್ಟು ತೆಗೆದಿಟ್ಟು ದೀಪ ಹಚ್ಚಿದಳು. ಬಾಳೆಲೆ ಹಾಕಿ ಮೀನು, ಮುದ್ದೆ, ಸಾರು, ಶಾವಿಗೆ ಬಡಿಸತೊಡಗಿದಳು.

"ಇಲ್ಲಿಗೆ ಬತ್ತಾರಾ ಅಕ್ಕ ಅವ್ರು?" ಕನಕರಾಜುವಿನ ದನಿ ತಗ್ಗಿತ್ತು.

"ಮನೇಲಿ ಏಳ್ಬುಟ್ಟು ಬಂದಿವ್ನಿ, ಈ ವರ್ಷ ಅಲ್ಲಿಗೇ ಬಾ ಅಂತ. ದಾರಿ ಗೊತ್ತು ಅವನ್ಗೆ. ಇದ್ನ ಕಟ್ಟೋವಾಗ ಎಂಟು ತಿಂಗ್ಳು ಗಾರೆ ಕೆಲ್ಸ ಮಾಡವ್ನೆ."

"ಮೀನೆಲ್ಲಿ? ಎಲ್ಲ ಕೂತಾಯ್ತು!" ಎಂದು ಕೂಗುತ್ತ ಒಳಬಂದ ಮಹೇಶ್‌ಕುಮಾರ್ ದೀಪ ಕಂಡು ಅಲ್ಲೇ ನಿಂತ. ಬೈಯುತ್ತಾನೆ ಎಂದುಕೊಂಡಳು ಚಿಕ್ಕಸಿದ್ದಮ್ಮ. ಬೈದರೆ ಬೈಯಲಿ, ಕೆಲಸದಿಂದ ತೆಗೆದರೆ ತೆಗೆಯಲಿ ಎಂದು ಬಡಿಸುತ್ತಲೇ ಇದ್ದಳು. ಅವನು ಬಗ್ಗಿ ಶೂ ಬಿಚ್ಚಿದ. "ನಮ್ಮೂರು ಗಾವಡಗೆರೇಲಿ ನಮ್ಮಪ್ಪಂಗೆ ಅಮ್ಮ ಒಬ್ಳೇ ಇಡ್ತಿರ್ತಾಳೆ ಈಗ" ಎಂದ. ಯಾರಿಗೆ ಹೇಳಿದನೋ.

ಅವತ್ತಿನ ಊಟಕ್ಕೆ ವೈನ್ ಬಡಿಸಲು ಬೆಂಗಳೂರಿನಿಂದ ಮತ್ತೆ ಬಂದಿದ್ದ ಮಾನಸ, ಬಾಟಲಿ ಹಿಡಿದು ಒಳಬಂದು ಎಲೆಯ ಪಕ್ಕ ಕೂತಳು. "ಅವ್ರು ಏನು ಕುಡೀತಿದ್ರು ಅಮ್ಮ?"

"ಸಿಕ್ಕಿದ್ನ ಕುಡೀತಿದ್ದ ಕಣವ್ವ. ಇಂತದ್ನ ಕಂಡೋನಲ್ಲ."

ಮಾನಸ ಸ್ಟೀಲ್ ಲೋಟಕ್ಕೆ ಕೆಂಪು ವೈನ್ ಬಗ್ಗಿಸಿದಳು. ಅರ್ಧಕ್ಕೆ ನಿಲ್ಲಿಸಿದವಳು, ಚಿಕ್ಕಸಿದ್ದಮ್ಮನ ಮುಖ ನೋಡಿ ಪೂರ್ತಿ ತುಂಬಿಸಿದಳು.

"ಎಲ್ಲಾರೂ ಆಚೆ ನಡೀರಿ. ನಾವು ನೋಡ್ತಾ ನಿಂತ್ಕಂಡ್ರೆ ಉಣ್ಣಲ್ಲ ಅವ್ರು."

ಒಲೆ ಆರಿಸಿ ನಾಲ್ವರೂ ಹೊರಗೆ ಬಂದರು. ಚಿಕ್ಕಸಿದ್ದಮ್ಮ ಬಾಗಿಲೆಳೆದುಕೊಂಡು ಚಿಲಕ ಹಿಡಿದು ನಿಂತಳು. ಹಾಲಿನ ಕಡೆಯಿಂದ ಯಾರೋ ಚಮಚದಲ್ಲಿ ಗ್ಲಾಸು ತಟ್ಟುವ ಸದ್ದು ಬಂತು.

"ಎಷ್ಟೊತ್ತು ಬೇಕು ಸಿದ್ದಮ್ಮ?" ಮಹೇಶ್‌ಕುಮಾರ್ ಪಿಸುಗುಟ್ಟಿದ.

"ಎರಡೊರ್ಷದ ಅಸಿವು ಸಾರ್."

ಅವನು ಬರಿಗಾಲಲ್ಲೇ ಹಾಲಿನ ಬಾಗಿಲಿಗೆ ಹೋದ. ಅಲ್ಲಿ ಇಪ್ಪತ್ನಾಲ್ಕು ಮುಖಗಳು ಒಟ್ಟಿಗೆ ಅವನ ಕಡೆ ತಿರುಗಿದವು.

"ದಯವಿಟ್ಟು ಒಂದು ಸ್ವಲ್ಪ ಹೊತ್ತು ಕಾಯ್ಬೇಕು" ಎಂದ. "ಒಳಗೆ ಒಬ್ರು ಊಟಕ್ಕೆ ಕೂತಿದ್ದಾರೆ."