ಮೋಜಣಿ ಧೂಳಪ್ಪನವರ ಹತ್ತು ವರ್ಷದ ಯೋಜನೆ

ಧೂಳಪ್ಪನವರು ಎಲ್ಲಿಗಾದರೂ ಒಂದೇ ಸಮನೆ ನಡೆದುಹೋದದ್ದನ್ನು ಇಂಡಿ ಊರಿನಲ್ಲಿ ಕಂಡವರಿಲ್ಲ. ಇಪ್ಪತ್ತು ಹೆಜ್ಜೆ ಹಾಕುವರು, ನಿಲ್ಲುವರು, ಬಂದ ದಾರಿಯನ್ನೊಮ್ಮೆ ತಿರುಗಿ ನೋಡುವರು, ತುಟಿಯಲ್ಲೇ ಏನನ್ನೋ ಎಣಿಸಿಕೊಂಡು ಮತ್ತೆ ಸಾಗುವರು. ಮೂವತ್ತು ವರ್ಷ ಮೋಜಣಿ ಖಾತೆಯಲ್ಲಿ ಹೊಲ ಅಳೆಯುವ ಸರಪಳಿ ಎಳೆದೆಳೆದು ಅವರ ಕಾಲುಗಳೇ ಅಳತೆಗೋಲುಗಳಾಗಿದ್ದವು. ವೈಶಾಖದ ಬಿಸಿಲಿಗೂ ಮೈಯಿಂದ ಇಳಿಯದ ಕರಿಯ ಕೋಟು, ಅದರ ನಾಲ್ಕೂ ಕಿಸೆಗಳಲ್ಲಿ ಮಡಿಚಿದ ಕಾಗದಗಳು, ಕಿವಿಯ ಸಂದಿಯಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯಾದ ಪೆನ್ಸಿಲು. ಅವರ ಜೊತೆಗೆ ಬಸ್ಸು ಹಿಡಿಯಲು ಹೊರಟವನಿಗೆ ಬಸ್ಸು ತಪ್ಪುವುದು ಶತಸ್ಸಿದ್ಧ. ಜೈನುದ್ದೀನನಿಗೆ ಹಾಗೆ ಮೂರು ಸಲ ತಪ್ಪಿತ್ತು.

ಜೈನುದ್ದೀನ ನಿಂಬೆ ಬೆಳೆಗಾರರ ಸಂಘದ ಕಾರ್ಯದರ್ಶಿ, ಧೂಳಪ್ಪನವರು ಅಧ್ಯಕ್ಷರು. ಸಂಘ ಹುಟ್ಟಿದ್ದು ಐವತ್ತೆಂಟರಲ್ಲಿ, ದೇಶಕ್ಕೆ ದೇಶವೇ ಪಂಚವಾರ್ಷಿಕ ಯೋಜನೆಯ ಮಾತಾಡುತ್ತಿದ್ದ ಕಾಲದಲ್ಲಿ. ದಿಲ್ಲಿಯವರಿಗೆ ಐದು ವರ್ಷ ಸಾಕಾದೀತು, ನಮಗೆ ಹತ್ತಾದರೂ ಬೇಕು ಎಂದು ಧೂಳಪ್ಪನವರು ಮೊದಲ ಸಭೆಯಲ್ಲಿ ಹೇಳಿದಾಗ ಸದಸ್ಯರು ವಿನೋದವೆಂದು ನಕ್ಕರು. ಅದು ವಿನೋದವಾಗಿರಲಿಲ್ಲ.

ಯಾರು ಏನು ಸಲಹೆ ಕೊಟ್ಟರೂ ಅವರದೊಂದೇ ಪ್ರಶ್ನೆ: "ಆಮ್ಯಾಲ?" ದಲಾಲರನ್ನು ಬಿಟ್ಟು ನಾವೇ ಮುಂಬಯಿಗೆ ಹಣ್ಣು ಕಳಿಸೋಣವೆಂದು ಜೈನುದ್ದೀನ ಹೇಳಿದ. ಆಮ್ಯಾಲ? ಅಲ್ಲಿಯವರು ಕೊಳ್ಳುತ್ತಾರೆ. ಆಮ್ಯಾಲ? ಇಲ್ಲಿಯವರು ದಲಾಲರಿಗೆ ಕೊಡುವುದನ್ನು ನಿಲ್ಲಿಸುತ್ತಾರೆ.

"ಆಮ್ಯಾಲ, ಜೈನುದ್ದೀನ? ಶ್ರಾವಣದಾಗ ಎಲ್ಲಾರ ಗಿಡಾನೂ ಒಮ್ಮಿಗೇ ಹಣ್ಣ ಸುರೀತಾವ. ಆವಾಗ ಏನ್ ಮಾಡ್ತಿ?"

ಪ್ರಶ್ನೆ ಸರಿಯಾದದ್ದೇ. ಜೈನುದ್ದೀನನ ತಲೆ ಕೆಡಿಸಿದ್ದೂ ಅದೇ. ಮೂರ್ಖ ಪ್ರಶ್ನೆಯಾಗಿದ್ದರೆ ಅವನು ಜಗಳವಾಡಿ ಹಗುರಾಗುತ್ತಿದ್ದ. ಉತ್ತರ ಹುಡುಕುವುದಕ್ಕಾಗಿ ಧೂಳಪ್ಪನವರು ಗಿಡ ಎಣಿಸಲು ಹೊರಟರು. ಝಳಕಿ, ಅಗರಖೇಡ ಮುಗಿಸಿ ಸಿಂದಗಿಯ ಕಡೆಗೆ ಹೋದರು. ತಿರುಗಿ ಬರುವಷ್ಟರಲ್ಲಿ ಝಳಕಿಯಲ್ಲಿ ಹೊಸ ಸಸಿಗಳು ನಾಟಿಯಾಗಿದ್ದವು, ಹಳೆಯ ಎಣಿಕೆ ಕೆಟ್ಟಿತೆಂದು ಮತ್ತೆ ಮೊದಲಿನಿಂದ ಎಣಿಸಿದರು. ಯೋಜನೆಯ ವಹಿ ಗೇಣು ದಪ್ಪವಾಯಿತು. ಎರಡು ವರ್ಷ ಕಳೆದರೂ ಸಂಘ ಒಂದು ಬುಟ್ಟಿ ಹಣ್ಣನ್ನೂ ಮಾರಿರಲಿಲ್ಲ.

ಅಗರಖೇಡದ ರೇವವ್ವ ಎಂಬತ್ತು ಗಿಡಗಳ ಒಡತಿ, ಬಾಯಿ ಬಲು ಖಾರ. ಒಂದು ದಿನ ನಡುಸಭೆಗೆ ಬಂದು ತುಂಬಿದ ಬುಟ್ಟಿಯನ್ನು ಆ ವಹಿಯ ಮೇಲೆಯೇ ಇಳಿಸಿದಳು.

"ಯಪ್ಪಾ, ನಿನ್ನ ಯೋಜನಾ ಹತ್ತ ವರ್ಷದ್ದು. ನನ್ನ ಹಣ್ಣಿನ ಆಯುಷ್ಯ ಎಂಟ ದಿನಾ. ಯಾರು ಯಾರಿಗೆ ಕಾಯಬೇಕು, ಹೇಳು?"

ಧೂಳಪ್ಪನವರು ಕಿವಿಯಿಂದ ಪೆನ್ಸಿಲು ತೆಗೆದು, "ಎಂಟೋ, ಒಂಬತ್ತೋ? ಖರೇ ಹೇಳವ್ವಾ" ಎಂದರು.

ಜೈನುದ್ದೀನನ ತಾಳ್ಮೆ ಅಂದೇ ಹರಿಯಿತು. ಅರವತ್ತೊಂದರ ಚೈತ್ರದಲ್ಲಿ ಅಧ್ಯಕ್ಷರು ಬಸವನ ಬಾಗೇವಾಡಿಯ ತೋಟಗಳಲ್ಲಿ ಎಣಿಸುತ್ತಿದ್ದಾಗ ಅವನು ಯಾರನ್ನೂ ಕೇಳದೆ ನೂರು ಬುಟ್ಟಿ ಹಣ್ಣನ್ನು ರೈಲಿಗೆ ಹಾಕಿ ಮುಂಬಯಿಗೆ ಕಳಿಸಿದ. ಬೇಸಿಗೆಯ ನಿಂಬೆ ಬಂಗಾರದಂತೆ ಮಾರಾಟವಾಯಿತು. ಸುತ್ತಲಿನ ಹಳ್ಳಿಗಳೆಲ್ಲ ಅವನ ಮಾತು ನಂಬಿ, ಬಾಗಿಲಿಗೆ ಬಂದ ದಲಾಲರನ್ನು ಬೈದು ಅಟ್ಟಿದವು. ಧೂಳಪ್ಪನವರು ಊರಿಗೆ ಬಂದು, ಗೋಡೆಗಿಂತ ಮೊದಲು ಛಾವಣಿ ಎದ್ದದ್ದನ್ನು ಕಂಡ ಗೌಂಡಿಯಂತೆ ನಿಂತರು. "ಚಲೋ ಆತು. ಆದ್ರ ಆರನೇ ಹೆಜ್ಜಿ ಮೊದಲ ಇಟ್ಟಿ ನೀ" ಎಂದಷ್ಟೇ ಹೇಳಿದರು.

ಶ್ರಾವಣ ಬಂತು. ಗಿಡಗಳು ಸುರಿದವು. ಇನ್ನು ಕಳಿಸಬೇಡಿರೆಂದು ಮುಂಬಯಿಯಿಂದ ತಂತಿ ಬಂತು. ಸಂಘದ ಗೋದಾಮಿನಲ್ಲಿ ಹಳದಿ ಗುಡ್ಡೆಗಳೆದ್ದು, ಬುಡದಿಂದ ಕೊಳೆಯತೊಡಗಿದವು. ಅಟ್ಟಿಸಿಕೊಂಡ ದಲಾಲರು ಈಗ ಕರೆದರೂ ಬರಲಿಲ್ಲ. ಎಲ್ಲರಿಗಿಂತ ಮೊದಲು ಹಣ್ಣು ತಂದು ಸುರಿದಿದ್ದ ರೇವವ್ವ ತನ್ನ ಗುಡ್ಡೆಯ ಮುಂದೆ ಮಾತಿಲ್ಲದೆ ಕುಳಿತಿದ್ದಳು. ಅವಳು ಬೈದಿದ್ದರೆ ಜೈನುದ್ದೀನ ತಡೆದುಕೊಳ್ಳುತ್ತಿದ್ದ.

ಮಳೆಯಲ್ಲಿ ನೆನೆಯುತ್ತ ಅವನು ಧೂಳಪ್ಪನವರ ಮನೆಗೆ ಓಡಿದ. ಅವರು ಬೈಯಲಿಲ್ಲ, ಹಂಗಿಸಲಿಲ್ಲ. ವಹಿ ತೆಗೆದು ನಲವತ್ಮೂರನೆಯ ಪುಟ ಬಿಚ್ಚಿದರು. ಶ್ರಾವಣದ ಹಣ್ಣನ್ನು ಉಪ್ಪಿನಲ್ಲಿ ಹಾಕುವ ಕ್ರಮ ಅಲ್ಲಿತ್ತು. ಎಷ್ಟು ಮಣ್ಣಿನ ಭರಣಿ ಬೇಕು, ಆಲಮೇಲದ ಯಾವ ಕುಂಬಾರ ಕೊಡಬಲ್ಲ, ಸೊಲ್ಲಾಪುರದಲ್ಲಿ ಗಿರಣಿ ಕೆಲಸಗಾರರಿಗೆ ಊಟ ಹಾಕುವ ಯಾವ ಐದು ಖಾನಾವಳಿಗಳು ಉಪ್ಪಿನಕಾಯಿ ಕೊಂಡಾವು, ಎಲ್ಲ ಮುತ್ತಿನಂಥ ಅಕ್ಷರಗಳಲ್ಲಿ. ಮೂಲೆಯಲ್ಲಿ ಎರಡು ವರ್ಷದ ಹಿಂದಿನ ತಾರೀಖು.

"ನಿಮಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ರಿ?"

"ಪೂರಾ ಆಗಿರಲಿಲ್ಲಪಾ. ಮುದ್ದೇಬಿಹಾಳದ ಗಿಡಾ ಇನ್ನೂ ಉಳದಾವ."

ಜೈನುದ್ದೀನನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಕೈ ಚಾಚಿ ಆ ಪುಟವನ್ನು ಹರಿದುಕೊಂಡ. ಹಲ್ಲು ಕೀಳಿಸಿಕೊಂಡವರಂತೆ ಧೂಳಪ್ಪನವರು ಸಣ್ಣಗೆ ನರಳಿದರು.

ಮರುದಿನವೇ ಆಲಮೇಲದಿಂದ ಎರಡು ಬಂಡಿ ಭರಣಿ ಬಂದವು. ಜೈನುದ್ದೀನನ ತಾಯಿ ಪೀರಬಿ ಓಣಿಯ ಹೆಂಗಸರನ್ನೆಲ್ಲ ಕರೆತಂದು ಗೋದಾಮಿನಲ್ಲಿ ಹೆಚ್ಚುವ, ಉಪ್ಪು ಬೆರೆಸುವ ಕೆಲಸಕ್ಕೆ ಕೂಡಿಸಿದಳು. ಧೂಳಪ್ಪನವರು ತಕ್ಕಡಿ ಹಿಡಿದು ಭರಣಿಯಿಂದ ಭರಣಿಗೆ ಅಡ್ಡಾಡುತ್ತ ಹೆಂಗಸರ ಕೈಕೆಲಸ ನಿಲ್ಲಿಸತೊಡಗಿದಾಗ ಪೀರಬಿ ತಡೆಯಲಾರದೆ, "ಧೂಳಪ್ಪಣ್ಣಾ, ಉಪ್ಪ ತೂಗಿ ನೋಡಬ್ಯಾಡ್ರಿ, ನೆಕ್ಕಿ ನೋಡ್ರಿ!" ಎಂದಳು. ಅವರು ನೆಕ್ಕಿ, ಮುಖ ಹಿಂಡಿ, ಅದನ್ನೂ ಬರೆದುಕೊಂಡರು.

ಅರ್ಧ ಹಣ್ಣು ಉಳಿಯಿತು. ಅವರು ಹೆಸರಿಸಿದ್ದ ಐದು ಖಾನಾವಳಿಗಳಲ್ಲಿ ನಾಲ್ಕು ಮಾಲು ಕೊಂಡು ಮರುವರ್ಷಕ್ಕೂ ಬೇಕೆಂದವು. ಸಂಘ ಬದುಕಿದ್ದು ಆ ಒಂದು ಪುಟದಿಂದ. ಉಳಿಯದ ಅರ್ಧದಲ್ಲಿ ರೇವವ್ವನ ಗುಡ್ಡೆ ಪೂರ್ತಿಯಾಗಿ ಹೋಗಿತ್ತು. ಅವಳು ಮುಂದೆಂದೂ ಸಂಘದ ಮೆಟ್ಟಿಲು ಹತ್ತಲಿಲ್ಲ. ಅದನ್ನು ತಿಳಿದ ಮೇಲೂ ಧೂಳಪ್ಪನವರು ಕೋಟು ತೊಟ್ಟು ಮುದ್ದೇಬಿಹಾಳಕ್ಕೆ ಹೊರಟರು, ಗಿಡ ಎಣಿಸಲು.

ದೂರವನ್ನು ಕಾಣಬಲ್ಲ ಕೆಲವರು ಹೀಗೆಯೇ ಇರುತ್ತಾರೆ. ಅವರು ಸೋಮಾರಿಗಳಲ್ಲ, ಸ್ವಾರ್ಥಿಗಳೂ ಅಲ್ಲ. ಅಪೂರ್ಣವಾದುದನ್ನು ಪರರ ಕೈಗಿಡುವುದೇ ಅಪ್ರಾಮಾಣಿಕತೆಯೆಂಬ ಶುದ್ಧ ನಂಬಿಕೆಯಲ್ಲಿ, ಕಂಡದ್ದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾರೆ. ಅವರಿಲ್ಲದೆ ಯಾವ ಸಂಸ್ಥೆಗೂ ದಿಕ್ಕಿಲ್ಲ. ಅವರೊಡನೆ ಯಾವ ಸಂಸ್ಥೆಗೂ ನೆಮ್ಮದಿಯಿಲ್ಲ. ತಿಳಿಯದವನ ಕೈಯಲ್ಲಿ ಕೆಟ್ಟುಹೋದದ್ದಕ್ಕೆ ನಾವು ಒಂದು ದಿನ ಮರುಗಿ ಸುಮ್ಮನಾಗುತ್ತೇವೆ. ತಿಳಿದವನ ಮೌನದಲ್ಲಿ ಕೆಟ್ಟದ್ದರ ವಾಸನೆ ಮಾತ್ರ ಬಹುಕಾಲ ಹೋಗುವುದಿಲ್ಲ.