ಹಗೇವಿನಲ್ಲಿಟ್ಟ ಕಬ್ಬಿಣ

ರೇಷ್ಮೆಯ ಮರಿಹುಳುಗಳಿಗೆ ಸೊಪ್ಪು ಕತ್ತರಿಸುತ್ತಿದ್ದ ಭಾನುಪ್ರಿಯಾ ಮತ್ತೆ ಎದ್ದು ಹೋಗಿ ಮಗಳ ಹಣೆ ಮುಟ್ಟಿದಳು. ತಣ್ಣಗಿತ್ತು. ಬಂದು ಕೂತಳು, ಕೂರಲಾಗದೆ ಮತ್ತೆ ಎದ್ದಳು. ಟೈಫಾಯ್ಡ್ ಜ್ವರ ಇಳಿದಿದ್ದರೂ ಅವಳ ಕೈಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಅತ್ತೆ ಮುನಿಗಂಗಮ್ಮನದು ಬೇರೆ ಚಿಂತೆ. ಮೊಮ್ಮಗಳು ತನುಜಳ ಕಣ್ಣು ಸುಣ್ಣದಂತೆ ಬಿಳಚಿಕೊಂಡಿದೆ, ಜ್ವರ ಬಿಟ್ಟ ಮೇಲೆ ಆ ಕಹಿ ಮಾತ್ರೆ ಯಾಕೆ, ರಕ್ತಕ್ಕೆ ಕಬ್ಬಿಣದ ಟಾನಿಕ್ ಹಾಕು ಎಂದು ಬೆಳಗಿನಿಂದ ಒಂದೇ ಸಮನೆ ಹೇಳುತ್ತಿದ್ದರು. ಮಾತ್ರೆ ಕಂಡರೆ ಸಾಕು ಓಕರಿಸುವ ಮಗುವನ್ನು ನೋಡಿ ಭಾನುಪ್ರಿಯಾಳ ಕರುಳೂ ಅತ್ತಲೇ ವಾಲಿತ್ತು. ಬೆಳಗಿನ ಮಾತ್ರೆ ಕೊಟ್ಟಿರಲಿಲ್ಲ. ಟಾನಿಕ್ಕಿನ ಮುಚ್ಚಳ ತಿರುಗಿಸುವಾಗ ತಂಗಿ ಯಾಮಿನಿಯ ಫೋನ್ ಬಂತು. ಅವಳು ಚಿಂತಾಮಣಿಯ ಕಾಲೇಜಿನಲ್ಲಿ ರೋಗಾಣುಗಳ ಪಾಠ ಮಾಡುವವಳು.

"ಜ್ವರ ಬಿಟ್ಟಿದೆ ಕಣಕ್ಕ, ರೋಗಾಣು ಬಿಟ್ಟಿಲ್ಲ," ಮಾತ್ರೆ ಬಿಟ್ಟು ಟಾನಿಕ್ ಹಾಕಲು ಹೊರಟಿದ್ದನ್ನು ಅಕ್ಕನಿಂದ ಕೇಳಿ ಯಾಮಿನಿ ಎಂದಳು.

ಕಾಯಿಲೆ ಬಂದಾಗ ಮೈ ತನ್ನ ಕಬ್ಬಿಣವನ್ನು ರೋಗಾಣುವಿಗೆ ಸಿಗದಂತೆ ಅಡಗಿಸುತ್ತದಂತೆ, ಅದರ ಮೇಲೆ ಸುಡುವ ವಿಷವನ್ನೂ ಸುರಿಯುತ್ತದಂತೆ. ಆ ಪುಟಾಣಿ ರೋಗಾಣುವೂ ಕಡಿಮೆಯದಲ್ಲ. ಸಿಕ್ಕ ಕಬ್ಬಿಣವನ್ನೆಲ್ಲ ಪ್ರೋಟೀನಿನ ಡಬ್ಬಿಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ. ಕಬ್ಬಿಣ ಬಿಡಿಯಾಗಿದ್ದರೆ ಆ ವಿಷದ ಜೊತೆ ಸೇರಿ ರೋಗಾಣುವನ್ನೇ ಸುಟ್ಟೀತು. ಡಬ್ಬಿಯಲ್ಲಿದ್ದರೆ ಅದಕ್ಕೆ ಕಾವಲೂ ಹೌದು, ಕಷ್ಟಕಾಲಕ್ಕೆ ಊಟವೂ ಹೌದು.

ಸ್ಪೀಕರಿನಲ್ಲಿ ಕೇಳುತ್ತಿದ್ದ ಮುನಿಗಂಗಮ್ಮ ತಲೆ ಎತ್ತಿದರು. "ಹಗೇವು ಅನ್ನಮ್ಮ ಅದಕ್ಕೆ. ಮೇಲೆ ನೋಡಿದ್ರೆ ಬರೀ ನೆಲ, ಒಳಗೆ ವರ್ಷಗಟ್ಟಲೆ ರಾಗಿ." ಆಮೇಲೆ ಸೊಸೆಯ ಕೈಯ ಬಾಟಲಿ ನೋಡಿ ಸಣ್ಣ ದನಿಯಲ್ಲಿ, "ಅದರ ಹಗೇವಿಗೆ ನಾವೇ ರಾಗಿ ಸುರಿಯಾಕೆ ಹೋಗಿದ್ವಲ್ಲೇ," ಎಂದರು.

ಯಾಮಿನಿಯ ಮಾತಿನಂತೆ ಭಾನುಪ್ರಿಯಾ ಡಾಕ್ಟರಿಗೂ ಫೋನ್ ಮಾಡಿದಳು. ಟಾನಿಕ್ ಆಮೇಲೆ ನೋಡೋಣ, ತಪ್ಪಿದ ಮಾತ್ರೆ ಈಗಲೇ ಕೊಡಿ, ಮುಗಿಯುವವರೆಗೂ ನಿಲ್ಲಿಸಬೇಡಿ ಎಂದು ಅವರು ಗದರಿದರು.

ತನುಜ ಬಾಯಿ ಬಿಗಿದುಕೊಂಡಳು. "ಅಜ್ಜಿ ಮೊದ್ಲು ನೆಕ್ಕಲಿ."

ಮುನಿಗಂಗಮ್ಮ ಮಾತ್ರೆಯಿಂದ ಉದುರಿದ ಪುಡಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡರು. ಅವರ ಮುಖ ಹುಣಸೆಕಾಯಿ ಕಚ್ಚಿದಂತೆ ಮುದುಡಿತು. ಮಗು ನಕ್ಕಿತು. ನಕ್ಕ ಬಾಯಿಗೆ ಭಾನುಪ್ರಿಯಾ ಮಾತ್ರೆ ಹಾಕಿ ನೀರು ಕುಡಿಸಿದಳು.

ಅತ್ತೆ ಬಾಟಲಿಯನ್ನು ಅಟ್ಟದ ಮೇಲಿಟ್ಟರು. ಭಾನುಪ್ರಿಯಾ ಸೊಪ್ಪಿನ ಮುಂದೆ ಕೂತಳು, ಮತ್ತೆ ಎದ್ದಳು. ಈ ಸಲ ಹಣೆ ಮುಟ್ಟಲಿಲ್ಲ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವವರೆಗೂ, ಮಗುವಿನ ಪ್ರತಿ ಉಸಿರಿಗೂ ಕಿವಿಗೊಟ್ಟು ಬಾಗಿಲಲ್ಲೇ ನಿಂತಳು.