ಅಜ್ಜಾ, ಏಳಿ, ನಿಮ್ಮ ಸರದಿ

ಅರ್ಜಿ ಇವಳದು, ಮರ್ಜಿ ಅವರದು. ವರ್ಷವಿಡೀ ಕೆಲಸದ ಹುಡುಕಾಟ ಹೀಗೇ ನಡೆದಿತ್ತು. ತಮ್ಮನಿಗಷ್ಟೇ ಅಲ್ಲ, ಮನೆಮಂದಿಗೆಲ್ಲ ‘ಅಕ್ಕ’ ಆಗಿದ್ದ ಈಕೆ ಮನೆಯಲ್ಲಿ ಬಾಯಿಬಡುಕಿ. ಸಂದರ್ಶನದಲ್ಲಿ ಮೂವರು ಸಾಲಾಗಿ ಕೂತು ದಿಟ್ಟಿಸಿದರೆ ಮಾತ್ರ ನಾಲಗೆ ರಜೆ ಹಾಕಿ ಹೊರಟುಬಿಡುತ್ತಿತ್ತು.

ಈ ಸಲದ ಕರೆ ಲಿಫ್ಟ್ ರಿಪೇರಿ ಕಂಪನಿಯದು. ಕೆಟ್ಟ ಲಿಫ್ಟಿನೊಳಗೆ ಸಿಕ್ಕಿಕೊಂಡವರು ಫೋನ್ ಮಾಡಿದರೆ, ಮೆಕ್ಯಾನಿಕ್ ತಲುಪುವವರೆಗೆ ಅವರ ಜೊತೆ ಮಾತಾಡುವ ಕೆಲಸ. ಇದೂ ಕೈತಪ್ಪಿದರೆ ಚಿಕ್ಕಪ್ಪನ ಸೋಫಾ ಅಂಗಡಿಯ ಗಲ್ಲಾ ಕಾಯಬೇಕೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು.

“ಮೇಲಕ್ಕೆ ಹೋಗೋ ಕೆಲಸ ಕಣೇ, ಬಿಡಬೇಡ,” ಎಂದ ತಮ್ಮ.

“ಇಷ್ಟು ಬೇಗ ಮೇಲಕ್ಕೆ ಕಳಿಸ್ಬೇಡ್ವೋ, ನಾನಿನ್ನೂ ಕ್ಯೂನಲ್ಲಿದ್ದೀನಿ,” ಎಂದರು ಅಜ್ಜ.

ಅಂದಿನಿಂದ ಸಂಜೆ ಊಟದ ಮೇಜೇ ಸಂದರ್ಶನ ಮಂಡಳಿ. ಅಪ್ಪನ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗಂಟಲು ಕೆರೆದು, “ಹ್ಞೂಂ... ನಿಮ್ಮ ದೌರ್ಬಲ್ಯ ಏನಮ್ಮಾ?” ಎಂದು ತಮ್ಮ ಅಧ್ಯಕ್ಷನಾಗುತ್ತಿದ್ದ. ಅಮ್ಮನದು ಸುಮ್ಮನೆ ಗುರಾಯಿಸುವ ಪಾತ್ರ. ಅದಕ್ಕೆ ತಾಲೀಮೇ ಬೇಕಿರಲಿಲ್ಲ. ಕೊನೆಯ ಪ್ರಶ್ನೆ ಅಜ್ಜನದು. ಅಷ್ಟರಲ್ಲಿ ಅವರಿಗೆ ಜೊಂಪು ಹತ್ತಿರುತ್ತಿತ್ತು. ಅಕ್ಕ ಮೇಜು ತಟ್ಟಿ, “ಅಜ್ಜಾ, ಏಳಿ, ನಿಮ್ಮ ಸರದಿ,” ಎನ್ನಬೇಕು. ದಿನಾ ಇದೇ ಪಾಠ.

ಸಂದರ್ಶನದ ದಿನ ಕಾರಿಡಾರಿನಲ್ಲಿ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೂ ಕೂತಿದ್ದರು. ಎಲ್ಲರೂ ಉತ್ತರಗಳನ್ನು ಗುಣುಗುಣು ಉರು ಹೊಡೆಯುತ್ತಿದ್ದರು. ಇವಳು ಬಾಗಿಲಿಗೆ ಆದಷ್ಟು ದೂರದ ಮೆಟ್ಟಿಲು ಹುಡುಕಿ ಕೂತಳು.

ಒಳಗೆ ಕನ್ನಡಕದ ಅಧ್ಯಕ್ಷರು ಗಂಟಲು ಕೆರೆದರು. ಪಕ್ಕದ ಮೇಡಂ ಗುರಾಯಿಸಿದರು. ಮೂರನೆಯವರು ಕಂಪನಿಯ ಯಜಮಾನರು, ಮುದುಕರು. ಗದ್ದ ಎದೆಗಿಟ್ಟು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಅಕ್ಕನ ಭಯ ಅಲ್ಲೇ ಕರಗಿತು. ಇದು ನಮ್ಮನೆಯೇ. ಮಾತು ನಲ್ಲಿ ಬಿಟ್ಟಂತೆ ಹರಿಯಿತು.

“ಸರ್, ನೀವೇನಾದ್ರೂ...” ಎಂದು ಅಧ್ಯಕ್ಷರು ಯಜಮಾನರತ್ತ ತಿರುಗಿದರು. ಅಕ್ಕನ ಕೈ ತಾನಾಗಿಯೇ ಮೇಜು ತಟ್ಟಿತು.

“ಅಜ್ಜಾ, ಏಳಿ, ನಿಮ್ಮ ಸರದಿ.”

ಮೇಡಂ ಗುರಾಯಿಸುವುದನ್ನೇ ಮರೆತರು. ಅಕ್ಕನ ಕಣ್ಣ ಮುಂದೆ ಸೋಫಾಗಳು ಸಾಲುಗಟ್ಟಿ ನಿಂತವು.

ಯಜಮಾನರು ಕಣ್ಣುಜ್ಜಿಕೊಂಡರು. “ಯಾರು ಎಬ್ಬಿಸಿದ್ದು?”

“ನಾನೇ ಸರ್. ತಪ್ಪಾಯ್ತು. ಮನೇಲಿ ಅಜ್ಜನ್ನ ಕೂರಿಸಿಕೊಂಡು ಪ್ರಾಕ್ಟೀಸ್ ಮಾಡಿದ್ದೆ, ಅದೇ ಬಾಯಿಗೆ ಬಂತು.”

“ಹಾಗೋ. ಸರಿ, ನಾನೀಗ ಲಿಫ್ಟಲ್ಲಿ ಸಿಕ್ಕಿಕೊಂಡಿದ್ದೀನಿ.” ಅವರು ಮುಷ್ಟಿಯನ್ನು ಕಿವಿಗಿಟ್ಟುಕೊಂಡರು. “ಹಲೋ? ಕತ್ತಲು, ತಾಯಿ. ಉಸಿರು ಕಟ್ತಿದೆ.”

“ಗಾಳಿ ಬರೋಕೆ ಸಂದಿ ಇರುತ್ತೆ ಅಜ್ಜಾ, ಹೆದರಬೇಡಿ. ಬಾಗಿಲು ಎಳೀದೆ ಕೆಳಗೆ ಕೂತ್ಕೊಳ್ಳಿ. ಮೆಕ್ಯಾನಿಕ್ ಹೊರಟಾಯ್ತು. ಅವರು ಬರೋವರೆಗೂ ನಾನು ಫೋನ್ ಇಡಲ್ಲ. ಎಲ್ಲಿಗೆ ಹೊರಟಿದ್ರಿ?”

“ಮಗಳ ಮನೆಗೆ. ಜಗಳ ಆಡೋಕೆ.”

“ಒಳ್ಳೇದೇ ಆಯ್ತು. ಏನೇನು ಬೈಬೇಕೋ ನನ್ನ ಮೇಲೆ ಒಂದ್ಸಲ ತಾಲೀಮು ಮಾಡ್ಕೊಳ್ಳಿ, ಅಲ್ಲಿ ತಡವರಿಸೋದು ತಪ್ಪುತ್ತೆ.”

ಮೊದಲು ನಕ್ಕಿದ್ದು ಮೇಡಂ. ಯಜಮಾನರ ಮುಷ್ಟಿ ಸಡಿಲಾಯಿತು. “ಮೆಕ್ಯಾನಿಕ್ ನಿಧಾನಕ್ಕೇ ಬರಲಿ ಬಿಡಿ,” ಎಂದರು.

ಸಂಜೆ ಕಂಪನಿಯಿಂದ ಫೋನ್ ಬಂತು. ಮನೆಮಂದಿಯೆಲ್ಲ ಅಕ್ಕನ ಕಿವಿಗೆ ಕಿವಿಯಿಟ್ಟು ನಿಂತರು. ಅಧ್ಯಕ್ಷರು ಗಂಟಲು ಕೆರೆದರು.

“ಸೋಮವಾರ ಬಂದ್ಬಿಡಿ. ಇನ್ನೊಂದು ವಿಷಯ. ಮೀಟಿಂಗಲ್ಲಿ ಯಜಮಾನರನ್ನ ಎಬ್ಬಿಸೋದೂ ಇನ್ಮೇಲೆ ನಿಮ್ಮ ಕೆಲಸಾನೇ. ನಮಗ್ಯಾರಿಗೂ ಇಷ್ಟು ವರ್ಷ ಧೈರ್ಯ ಬಂದಿರಲಿಲ್ಲ.”

ಫೋನಿಟ್ಟ ಅಕ್ಕ ಅಮ್ಮನ ಸೊಂಟ ಹಿಡಿದು ಅಡುಗೆಮನೆಯಿಂದ ಹಜಾರದವರೆಗೆ ಗಿರಗಿರನೆ ತಿರುಗಿಸಿಬಿಟ್ಟಳು.